ಸೋರೋ ಮಠದ ಚರ್ಚೂ ವಿದ್ಯಾಶಾಲೆಯೂ

ಡೆನ್ಮಾರ್ಕಿನ ಸೀಲ್ಯಾಂಡ್ ದ್ವೀಪದಲ್ಲಿ, ಸರೋವರದ ದಂಡೆಯ ಸೋರೋ ಎಂಬ ಪಟ್ಟಣದಲ್ಲಿ ಒಂದು ಪ್ರಾಚೀನ ಮಠದ ಚರ್ಚು ಇಂದಿಗೂ ನಿಂತಿದೆ. ಅಲ್ಲಿ ಹೂಳಲ್ಪಟ್ಟ ಅರಸರ ಹೆಸರಿನಿಂದ ಅದಕ್ಕೆ ಕೀರ್ತಿ ಬಂದಿದೆಯಾದರೂ, ಆ ಕಟ್ಟಡದ ನಿಜವಾದ ಹಿರಿಮೆ ಸಮಾಧಿಗಳಲ್ಲಿಲ್ಲ, ಅದರ ಬರಿಯ ಇಟ್ಟಿಗೆಯ ಗೋಡೆಗಳಲ್ಲಿದೆ.

ಪ್ರಬಲವಾದ ಹ್ವೀಡೆ ಮನೆತನದವರು 1142ರ ಸುಮಾರಿಗೆ ಇಲ್ಲಿ ಬೆನೆಡಿಕ್ಟೈನ್ ಮಠವೊಂದನ್ನು ಸ್ಥಾಪಿಸಿದರು. ಆ ಮನೆತನದ ಆಸೆರ್ ರೀಗ್ ತನ್ನ ಕಡೆಗಾಲದಲ್ಲಿ ಇಲ್ಲಿಯೇ ಸನ್ಯಾಸಿಯಾಗಿ 1151ರಲ್ಲಿ ತೀರಿಕೊಂಡನು. ಅವನ ಮಗ ಅಬ್ಸಲೋನನು ರೋಸ್ಕಿಲ್ಡೆಯ ಬಿಷಪನಾದ ಮೇಲೆ, 1161ರಲ್ಲಿ, ಎಸ್ರುಮ್ ಮಠದಿಂದ ಸಿಸ್ಟರ್ಸಿಯನ್ ಪಂಥದವರನ್ನು ಕರೆತಂದನು. ಈಗಿನ ಚರ್ಚು ಅವರ ಕಾಲದ ನಿರ್ಮಾಣ.

ಕಟ್ಟುವುದಕ್ಕೆ ಒಳ್ಳೆಯ ಕಲ್ಲು ಸುಲಭವಾಗಿ ದೊರೆಯದ, ಆದರೆ ಜೇಡಿಮಣ್ಣು ಹೇರಳವಾಗಿರುವ ನಾಡು ಅದು. ಇಟ್ಟಿಗೆ ಸುಡುವ ವಿದ್ಯೆ ಆಗತಾನೆ ಅಲ್ಲಿಗೆ ಬಂದಿತ್ತು. ಆ ಕಾಲದ ದಪ್ಪ ಇಟ್ಟಿಗೆಗೆ ಡೇನಿಷ್ ಭಾಷೆಯಲ್ಲಿ 'ಸನ್ಯಾಸಿಗಳ ಕಲ್ಲು' ಎಂಬ ಅರ್ಥದ ಹೆಸರೇ ಉಳಿದುಬಂದಿರುವುದು ಸ್ವಾರಸ್ಯಕರ. ಚರ್ಚಿನ ತಳವಿನ್ಯಾಸ ಶಿಲುಬೆಯಾಕಾರದ್ದು. ಪೂರ್ವದ ಗರ್ಭಾಂಕಣ ದುಂಡಗೆ ಬಾಗದೆ ನೇರವಾಗಿ ಮುಗಿಯುತ್ತದೆ; ಅಡ್ಡತೋಳುಗಳ ಪೂರ್ವಕ್ಕೆ ಚಿಕ್ಕ ಪ್ರಾರ್ಥನಾಗೃಹಗಳಿವೆ; ಭಾರಿ ಗೋಪುರವಿಲ್ಲ. ಚೌಕಾಕಾರದ ಕಂಬಗಳು, ಅಲಂಕಾರವಿಲ್ಲದ ಕಮಾನುಗಳು. ಆಡಂಬರದ ಶಿಲ್ಪವನ್ನು ಉಗ್ರವಾಗಿ ಖಂಡಿಸಿದ ಸಂತ ಬರ್ನಾರ್ಡನ ಪಂಥಕ್ಕೆ ಇದು ತಕ್ಕುದೇ ಆಗಿದೆ. ಮೊದಲು ನಡುವಂಕಣಕ್ಕೆ ಮರದ ಸಮತಲ ಚಾವಣಿಯಿದ್ದಿತು. 1247ರ ಬೆಂಕಿಯ ಅನಂತರ ಇಟ್ಟಿಗೆಯ ಕಮಾನು ಚಾವಣಿಯನ್ನು ಕಟ್ಟಿದರು. ಇದರಿಂದ ಭದ್ರತೆ ಹೆಚ್ಚಿತೆಂಬುದು ನಿಜ; ಆದರೆ ಒಂದೇ ಉಸಿರಿನಲ್ಲಿ ಪೂರ್ವಕ್ಕೆ ಸಾಗುತ್ತಿದ್ದ ಆ ದೀರ್ಘ ಅಂಕಣವು ತುಂಡು ತುಂಡಾಯಿತು. ಮೊದಲಿನ ನಿರ್ಮಾತೃವಿನ ಆಲೋಚನೆ ಇಂದಿಗೂ ಗೋಡೆಗಳಲ್ಲಿಯೇ ಹೆಚ್ಚು ಸ್ಪಷ್ಟ.

ಇಲ್ಲಿ ಒಂದು ವಿಚಾರಣೀಯ ಅಂಶವಿದೆ. ಲೋಕವನ್ನು ತೊರೆದವರ ಈ ಮಂದಿರವು ದಾನಿಗಳ ಕುಲಸ್ಮಾರಕವೂ ಆಯಿತು. 1201ರಲ್ಲಿ ಮಡಿದ ಅಬ್ಸಲೋನನ ಸಮಾಧಿ ಪ್ರಧಾನ ವೇದಿಕೆಯ ಹಿಂದೆಯೇ ಇದೆ. ಎರಡನೆಯ ಕ್ರಿಸ್ಟೋಫರ್, ವಾಲ್ಡೆಮಾರ್ ಅತ್ತೆರ್‌ಡಾಗ್, ಬಾಲರಾಜ ಓಲುಫ್ ಇವರೂ ಇಲ್ಲಿಯೇ ಮಣ್ಣಾದರು. ರಾಣಿ ಮಾರ್ಗರೇತಳ ಪಾರ್ಥಿವ ಶರೀರವನ್ನಂತೂ 1413ರಲ್ಲಿ ಇಲ್ಲಿಂದ ರೋಸ್ಕಿಲ್ಡೆಗೆ ಒಯ್ದರು, ಸತ್ತವರಿಗಾಗಿಯೂ ಪೈಪೋಟಿ! ನಡುವಂಕಣದ ಗೋಡೆಗಳ ಮೇಲೆ ಕುಲಲಾಂಛನಗಳ ಸಾಲು ಬಂದಿತು. ಅರಸರನ್ನೂ ಬಿಷಪರನ್ನೂ ಚರ್ಚಿನೊಳಗೆ ಹೂಳಲು ಪಂಥದ ನಿಯಮವೇ ಅವಕಾಶ ಕೊಟ್ಟಿದ್ದಿತೆಂದು ಸಮಾಧಾನ ಹೇಳಬಹುದು. ಆದರೆ ನಿಯಮದ ಸಡಿಲಿಕೆ ಉಳ್ಳವರ ಕಡೆಗೇ ಏಕೆ ವಾಲಿತು? ದೈಹಿಕ ಶ್ರಮವನ್ನು ಇವರು ಪೂಜೆಯಷ್ಟೇ ಪವಿತ್ರವೆಂದು ಬಗೆದದ್ದು ಕಾಯಕತತ್ತ್ವವನ್ನು ಬಲ್ಲ ವಾಚಕರಿಗೆ ಪ್ರಿಯವಾದ ಸಂಗತಿ. ಆದರೂ ಹೊಲದ ದುಡಿಮೆಯ ಬಹುಭಾಗ ಗೃಹಸೋದರರೆಂಬ ಬೇರೊಂದು ವರ್ಗದ ಪಾಲಿಗೆ ಬಂದಿತು; ಗಾಯನಪೀಠದಲ್ಲಿ ಅವರಿಗೆ ಸ್ಥಾನವಿರಲಿಲ್ಲ. ದುಡಿಯುವ ಕೈಯನ್ನು ಹಾಡುವ ಬಾಯಿಂದ ಬೇರ್ಪಡಿಸಿದ ಈ ವ್ಯವಸ್ಥೆಯನ್ನು ಮೆಚ್ಚುವುದು ಕಷ್ಟ.

ಮಠಕ್ಕೆ ವಿದ್ಯೆಯ ನಂಟು ಹಳೆಯದು. ಡೇನರ ಚರಿತ್ರೆಯನ್ನು ಲ್ಯಾಟಿನ್ನಿನಲ್ಲಿ ರಚಿಸಿದ ಸಾಕ್ಸೋ ಅಬ್ಸಲೋನನ ಆಶ್ರಯದಲ್ಲಿದ್ದವನು. ಸಾಕ್ಸೋ ಎಂಬ ತನ್ನ ಲಿಪಿಕಾರನು ಎರವಲು ಪಡೆದ ಎರಡು ಪುಸ್ತಕಗಳನ್ನು ಸೋರೋ ಮಠಕ್ಕೆ ಒಪ್ಪಿಸತಕ್ಕದ್ದೆಂದು ಅಬ್ಸಲೋನನು ಮರಣಶಾಸನದಲ್ಲಿ ಬರೆಸಿದ್ದಾನೆ. ಅವನು ಈ ಸಾಕ್ಸೋನೇ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಅವನ ಹಣದ ಸಾಲವನ್ನು ಮನ್ನಾ ಮಾಡಿದ ಧಣಿ ಪುಸ್ತಕದ ಸಾಲವನ್ನು ಮನ್ನಾ ಮಾಡಲಿಲ್ಲ! ಕುಲಲಾಂಛನಗಳೆಲ್ಲವನ್ನೂ ಒಂದು ತಟ್ಟೆಯಲ್ಲಿಟ್ಟು, ಈ ಒಂದು ವಾಕ್ಯವನ್ನು ಇನ್ನೊಂದರಲ್ಲಿಟ್ಟರೆ ವಾಕ್ಯವೇ ತೂಗೀತು.

1536ರ ಮತಸುಧಾರಣೆಯಿಂದ ಸನ್ಯಾಸಿಗಳ ಕಾಲ ಕ್ರಮೇಣ ಮುಗಿಯಿತು. 1586ರಲ್ಲಿ ಎರಡನೆಯ ಫ್ರೆಡರಿಕನು ಇಲ್ಲಿಗೆ ಶಾಲೆಯನ್ನು ತಂದು, ಕುಲೀನರ ಮಕ್ಕಳು ಮೂವತ್ತು, ಸಾಮಾನ್ಯರ ಮಕ್ಕಳು ಮೂವತ್ತು ಎಂದು ಸಮಪಾಲು ಮಾಡಿದನು. 1623ರಲ್ಲಿ ನಾಲ್ಕನೆಯ ಕ್ರಿಶ್ಚಿಯನ್ ಸ್ಥಾಪಿಸಿದ ಅಕಾಡೆಮಿಯಾದರೋ ಕುಲೀನರಿಗೆಂದೇ ಮೀಸಲಾಗಿ, 1665ರಲ್ಲಿ ಮುಚ್ಚಿತು. ಹದಿನೆಂಟನೆಯ ಶತಮಾನದ ನಡುವೆ ಅದು ಮತ್ತೆ ತೆರೆಯಲು ಮುಖ್ಯವಾಗಿ ನೆರವಾದವನು ನಾಟಕಕಾರ ಲೂದ್ವಿಗ್ ಹೋಲ್ಬೆರ್. ಮಕ್ಕಳಿಲ್ಲದ ಈ ಬ್ರಹ್ಮಚಾರಿ ತನ್ನ ಜಮೀನುಗಳನ್ನು ಅದಕ್ಕೆ ಬಿಟ್ಟುಕೊಟ್ಟನು. 1754ರಲ್ಲಿ ಮಡಿದ ಅವನ ಸಮಾಧಿಯೂ ಇದೇ ಚರ್ಚಿನಲ್ಲಿದೆ. ಅವನು ಕೊಟ್ಟ ಗ್ರಂಥಭಂಡಾರ ಮಾತ್ರ 1813ರ ಬೆಂಕಿಗೆ ಆಹುತಿಯಾಯಿತು. ಅಕಾಡೆಮಿಯ ಮುಖ್ಯ ಕಟ್ಟಡವನ್ನು 1820ರ ದಶಕದಲ್ಲಿ ಹೊಸದಾಗಿ ಕಟ್ಟಿದರು. ಇಂದು ಅದು ವಸತಿಸಹಿತವಾದ ಪ್ರೌಢ ವಿದ್ಯಾಲಯ. ಹಳೆಯ ಮಠದ ಹೆಬ್ಬಾಗಿಲ ಕಟ್ಟಡ ಮಧ್ಯಯುಗದ್ದೇ. ಅದನ್ನು ಹಾಯ್ದೇ ಪಟ್ಟಣದವರು ಚರ್ಚಿಗೂ ಶಾಲೆಗೂ ನಡೆಯುತ್ತಾರೆ.