ಬುಡ್ಡಿಯೊಳಗಿನ ಸಾರು

ಪ್ಲೇಗ್ ಲಸಿಕೆಯನ್ನು ಹೊಗಳುವವರು ಎಷ್ಟು ತೋಳಿಗೆ ಚುಚ್ಚಿದರೆಂದು ಲೆಕ್ಕ ಕೊಡುತ್ತಾರೆ. ಬುಡ್ಡಿಯಲ್ಲಿ ಏನಿತ್ತೆಂದು ವಿಚಾರಿಸುವವರು ವಿರಳ. 1898ರಲ್ಲಿ ಬೆಂಗಳೂರಿಗೆ ಬಂದ ಮಾರಿ ಕೋಲಾರದ ಚಿನ್ನದ ಗಣಿಯನ್ನೂ ಮುಟ್ಟಿತು. ಆಗ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆಯಿಂದ ಗಣಿಯ ಬಳಿಯ ಮಾರಿಕುಪ್ಪಕ್ಕೆ ರೈಲು ಬಂದು ನಾಲ್ಕೇ ವರ್ಷವಾಗಿತ್ತು. ಇಲಿಗೂ ಚಿಗಟಕ್ಕೂ ಟಿಕೀಟು ಬೇಕಿರಲಿಲ್ಲ.

ಹಾಫ್‌ಕಿನ್ ಎಂಬ ವಿಜ್ಞಾನಿ ಈ ಮಾರಿಯ ವಿರುದ್ಧ ತಯಾರಿಸಿ, 1897ರ ಜನವರಿಯಲ್ಲಿ ಮುಂಬಯಿಯಲ್ಲಿ ಮೊದಲು ತಾನೇ ಚುಚ್ಚಿಕೊಂಡ ಲಸಿಕೆ ಮಾಂಸದ ಸಾರಿನಲ್ಲಿ ಬೆಳೆದದ್ದು. ಸಾರಿನ ಮೇಲೆ ತುಪ್ಪವನ್ನೋ ಕೊಬ್ಬರಿ ಎಣ್ಣೆಯನ್ನೋ ತೇಲಿಬಿಡುತ್ತಿದ್ದರು. ಆ ಜಿಡ್ಡಿಗೆ ಜೋತುಬಿದ್ದು ಪ್ಲೇಗ್ ಬ್ಯಾಕ್ಟೀರಿಯಾ ಬಿಳಲಿನಂತೆ ಕೆಳಗಿಳಿಯುತ್ತಿತ್ತು. ಅಲುಗಾಡಿಸಿ ಉದುರಿಸಿದರೆ ಮತ್ತೆ ಹೊಸ ಬಿಳಲು. ವಾರಗಟ್ಟಲೆ ಹೀಗೆ ಬೆಳೆಸಿ, ಕಾಯಿಸಿ ಕೊಂದು, ಕಾರ್ಬಾಲಿಕ್ ಆಮ್ಲ ಬೆರೆಸುತ್ತಿದ್ದರು. ಬುಡ್ಡಿಯಲ್ಲಿರುವುದು ಪ್ಲೇಗಿನ ಜೀವಿಯೇ ಎಂದು ಕಣ್ಣಿಗೇ ಗೊತ್ತಾಗುವ ಈ ಉಪಾಯವನ್ನು ಮೆಚ್ಚದೆ ಇರಲಾಗದು. ಆದರೆ ಬೆಳೆ ಹುಲುಸಾಗಿ ಬಂದ ಮಾತ್ರಕ್ಕೆ ರಕ್ಷಣೆ ಕೊಡುವ ಆಂಟಿಜೆನ್ನೂ ಹುಲುಸಾಗಿದೆ ಎನ್ನಲು ಬರುವುದಿಲ್ಲ. ಈ ಬ್ಯಾಕ್ಟೀರಿಯಾ ಅಂಥ ಆಂಟಿಜೆನ್ನಾದ ಎಫ್1 ಎಂಬ ಹೊದಿಕೆಯನ್ನು ಚೆನ್ನಾಗಿ ಹೊದೆಯುವುದು ನಮ್ಮ ಮೈಬಿಸಿಯಾದ 37 ಡಿಗ್ರಿಯಲ್ಲಿ. ತಂಪಿನಲ್ಲಿ ಜಿಪುಣತನ ತೋರಿಸುತ್ತದೆ. ವಿ ಎಂಬ ಇನ್ನೊಂದು ಆಂಟಿಜೆನ್ನಿನ ವರ್ತನೆ ಇನ್ನೂ ವಿಚಿತ್ರ: ಅದೇ 37 ಡಿಗ್ರಿಯಲ್ಲಿ, ಮಾಧ್ಯಮದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಜೀವಿ ಬೆಳೆಯುವುದನ್ನೇ ನಿಲ್ಲಿಸಿ ವಿ ಆಂಟಿಜೆನ್ನನ್ನು ಹೊರಹಾಕತೊಡಗುತ್ತದೆ. ಇಳುವರಿ ನೋಡಿ ಮಾಧ್ಯಮ ಆರಿಸುವವನು ಇಂಥ ಬುಡ್ಡಿಯನ್ನು ಚರಂಡಿಗೆ ಸುರಿದುಬಿಟ್ಟಾನು.

1902ರಲ್ಲಿ ಪಂಜಾಬಿನ ಮುಲ್ಕೋವಾಲದಲ್ಲಿ ಒಂದೇ ಬುಡ್ಡಿಯ ಲಸಿಕೆಯಿಂದ 19 ಮಂದಿ ಧನುರ್ವಾಯುವಿಗೆ ಬಲಿಯಾದಾಗ ತಯಾರಿಕೆಯ ಕ್ರಮ ಚರ್ಚೆಗೆ ಬಂತು, ನಿಜ. ಆದರೆ ಆ ಚರ್ಚೆ ಮುಖ್ಯವಾಗಿ ಶುದ್ಧಿ-ಅಶುದ್ಧಿಯದು. ಸತ್ವದ ಪ್ರಶ್ನೆ ಬೇರೆಯೇ. ಮಾಂಸದ ಸಾರು ಹೋಗಿ ಹಾಲಿನ ಕೇಸಿನ್ ಒಡೆದು ಮಾಡಿದ ಮಾಧ್ಯಮ ಬಂದದ್ದು ಬಹಳ ಕಾಲದ ಮೇಲೆ, ಹಾಫ್‌ಕಿನ್ ಸಂಸ್ಥೆಯಲ್ಲಿ ಸಾಹಿಬ್ ಸಿಂಗ್ ಸೋಖಿ ಅವರ ಕೈಯಲ್ಲಿ. ನನ್ನ ಮಟ್ಟಿಗೆ ತುಪ್ಪದ ಬಿಳಲಿಗಿಂತ ದೊಡ್ಡ ಹೆಜ್ಜೆ ಇದೇ.

ಕೋಲಾರದ ಸೀಮೆಗೆ ಪ್ಲೇಗ್ ಹಳೇ ಕತೆಯಲ್ಲ. ಕರ್ನಾಟಕ, ಆಂಧ್ರ, ತಮಿಳುನಾಡು ಕೂಡುವ ಈ ಮೂಲೆ ಪ್ಲೇಗ್ ಕಣ್ಗಾವಲಿನಲ್ಲಿರುವ ಪ್ರದೇಶ. ಇಲಿ, ನಾಯಿಗಳ ರಕ್ತದಲ್ಲಿ ಹುಡುಕುವುದು ಎಫ್1ಗೆ ಎದುರಾದ ಪ್ರತಿಕಾಯವನ್ನು. ಪರೀಕ್ಷೆಗೆ ಬಳಸುವ ಎಫ್1 ಕೂಡ ಎಲ್ಲೋ ಒಂದು ಬುಡ್ಡಿಯಲ್ಲಿ ಬೆಳೆದದ್ದೇ. ಎಫ್1 ಇಲ್ಲದೆಯೂ ರೋಗ ತರಬಲ್ಲ ತಳಿಗಳಿವೆ. ಈ ಒಂದು ಗುರುತನ್ನೇ ನಂಬಿ ಊರಿಗೆ ಪ್ಲೇಗಿಲ್ಲವೆಂದು ಬರೆದುಕೊಡುವುದು ದುಡುಕು. ನಾಯಿಯ ರಕ್ತದ ಫಲಿತಾಂಶದ ಪಕ್ಕದಲ್ಲಿ, ಪರೀಕ್ಷೆಯ ಆಂಟಿಜೆನ್ ಯಾವ ಮಾಧ್ಯಮದಲ್ಲಿ, ಎಷ್ಟು ಡಿಗ್ರಿಯಲ್ಲಿ ತಯಾರಾಯಿತೆಂಬ ಒಂದು ಸಾಲೂ ಇರಬೇಕು.