ವಾರಕ್ಕೊಂದು ಸಂಜೆ ಬಿಡುವು ಸಿಕ್ಕರೆ

ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್ ಕಂಪನಿಗಳಿಗೆ ಕಾರ್ಖಾನೆಯಿಲ್ಲ, ಗೋದಾಮಿಲ್ಲ. ಅವು ಮಾರುವುದು ಜನರ ಬುದ್ಧಿಯನ್ನು, ಸಮಯವನ್ನು. ಓದಿನಲ್ಲಿ ಮುಂದಿದ್ದವರನ್ನೇ ಹುಡುಕಿ ತಂದು, ಪಳಗಿಸಿ, ಕೆಲವೇ ವರ್ಷಗಳಲ್ಲಿ ಕಳೆದುಕೊಳ್ಳುವುದು ಈ ಉದ್ಯಮದ ಹಳೆಯ ಸಮಸ್ಯೆ. ಸಂಬಳ, ಬೋನಸ್‌ಗಳಿಂದ ಅದು ನೀಗಿಲ್ಲ. ಹೀಗಿರುವಾಗ ಬಿಸಿಜಿ ಎಂದೇ ಹೆಸರಾದ ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್‌ನಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕಿ ಲೆಸ್ಲಿ ಪರ್ಲೋ ನಡೆಸಿದ ಪ್ರಯೋಗ ಇಂದಿಗೂ ಗಮನಾರ್ಹ. ಅದರ ವಿವರ 2009ರಲ್ಲಿ ಲೇಖನವಾಗಿ, 2012ರಲ್ಲಿ ‘ಸ್ಲೀಪಿಂಗ್ ವಿತ್ ಯುವರ್ ಸ್ಮಾರ್ಟ್‌ಫೋನ್’ ಎಂಬ ಪುಸ್ತಕವಾಗಿ ಬಂತು.

ಪರ್ಲೋ ಮತ್ತು ಅವರ ಸಹಸಂಶೋಧಕಿ ಜೆಸ್ಸಿಕಾ ಪೋರ್ಟರ್ ಸುಮಾರು ಒಂದು ಸಾವಿರ ವೃತ್ತಿಪರರನ್ನು ಪ್ರಶ್ನಿಸಿದಾಗ ಶೇ. 94ರಷ್ಟು ಮಂದಿ ವಾರಕ್ಕೆ 50 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುತ್ತಿದ್ದರು. ಸುಮಾರು ಅರ್ಧದಷ್ಟು ಜನರ ವಾರ 65 ಗಂಟೆ ದಾಟುತ್ತಿತ್ತು. ಆಫೀಸಿನ ಹೊರಗೆ ಬ್ಲ್ಯಾಕ್‌ಬೆರಿ ಫೋನ್ ನೋಡುತ್ತ ಕಳೆದ 20-25 ಗಂಟೆ ಇದರಲ್ಲಿ ಸೇರಿಲ್ಲ. ಆದರೆ ಜನರನ್ನು ಹೆಚ್ಚು ಹಣ್ಣು ಮಾಡುತ್ತಿದ್ದುದು ಯಾವಾಗ ಕರೆ ಬರುತ್ತದೋ ಎಂಬ ಅನಿಶ್ಚಿತತೆ.

ಪರಿಹಾರ ಸರಳವಾಗಿತ್ತು. ಟೀಮಿನ ಪ್ರತಿಯೊಬ್ಬರಿಗೂ ವಾರದಲ್ಲಿ ಒಂದು ಸಂಜೆ, ಆರು ಗಂಟೆಯ ನಂತರ, ಕೆಲಸವೂ ಇಲ್ಲ, ಇಮೇಲೂ ಇಲ್ಲ. ಯಾವ ಸಂಜೆ ಎಂಬುದು ಮೊದಲೇ ಗೊತ್ತು. ಬಿಡುವು ಬೇಡ ಎನ್ನುವಂತಿಲ್ಲ, ಅದು ಕಡ್ಡಾಯ. ಜೊತೆಗೆ ವಾರಕ್ಕೊಮ್ಮೆ ಸಭೆ. ಅಲ್ಲಿ ಪ್ರತಿಯೊಬ್ಬರೂ ಉತ್ತರಿಸಬೇಕಿತ್ತು: ಹೇಗನಿಸುತ್ತಿದೆ? ಕ್ಲೈಂಟಿಗೆ ನಿಜಕ್ಕೂ ಉಪಯೋಗ ಆಗುತ್ತಿದೆಯೇ? ಏನಾದರೂ ಕಲಿಯುತ್ತಿದ್ದೀರಾ? ಹೀಗೇ ಕೆಲಸ ಮಾಡುತ್ತ ಹೋಗಲು ನಿಮ್ಮಿಂದ ಆದೀತೇ?

ಪ್ರಯೋಗದ ಜೀವ ಇರುವುದು ಈ ಸಭೆಯಲ್ಲಿ. ಒಬ್ಬರು ಸಂಜೆ ಎದ್ದು ಹೋಗಬೇಕಾದರೆ ಅವರ ಕೆಲಸ ಇನ್ನೊಬ್ಬರಿಗೆ ತಿಳಿದಿರಬೇಕು. ಯಾವ ಸ್ಲೈಡ್ ಬೇಕು, ಯಾವುದು ಬೇಡ ಎಂಬುದು ಮೊದಲೇ ಇತ್ಯರ್ಥವಾಗಬೇಕು. ಕಂಪನಿಯ ಹಿರಿಯ ಪಾಲುದಾರರಾದ ಪಾರ್ಟ್ನರ್ ಎದುರು ‘ಇದು ಅನಗತ್ಯ’ ಎನ್ನುವ ಧೈರ್ಯ ಕಿರಿಯರಿಗೆ ಬರಬೇಕು. ಬಿಡುವಿನ ನೆಪದಲ್ಲಿ ಕೆಲಸದ ಕ್ರಮವೇ ತಿದ್ದುಪಡಿಯಾಯಿತು.

ಫಲಿತಾಂಶ ಉತ್ಸಾಹ ತರುವಂತಿತ್ತು. ಪ್ರಯೋಗದಲ್ಲಿದ್ದ ಟೀಮುಗಳಲ್ಲಿ ಶೇ. 72ರಷ್ಟು ಮಂದಿ ಕೆಲಸದ ಬಗ್ಗೆ ತೃಪ್ತಿ ಹೇಳಿಕೊಂಡರು. ಉಳಿದ ಟೀಮುಗಳಲ್ಲಿ ಹಾಗೆಂದವರು ಶೇ. 49. ಬೆಳಿಗ್ಗೆ ಕೆಲಸಕ್ಕೆ ಹೊರಡಲು ಹುರುಪಿದೆ ಎಂದವರು ಶೇ. 51, ಉಳಿದೆಡೆ ಶೇ. 27. ಇದೇ ಕಂಪನಿಯಲ್ಲಿ ಬಹುಕಾಲ ಉಳಿಯಬಲ್ಲೆವು ಎಂದವರೂ ಹೆಚ್ಚು. ಒಂದು ಟೀಮಿನಿಂದ ಶುರುವಾದ ಪದ್ಧತಿ ಹಲವು ದೇಶಗಳ ಬಿಸಿಜಿ ಕಚೇರಿಗಳಿಗೆ ಹಬ್ಬಿತು.

ಆದರೂ ಪ್ರಶ್ನೆಗಳು ಉಳಿಯುತ್ತವೆ. ಈ ಅಂಕಿಗಳು ಉದ್ಯೋಗಿಗಳು ತಾವೇ ಹೇಳಿಕೊಂಡದ್ದು. ಉಳಿಯುತ್ತೇನೆ ಎನ್ನುವುದಕ್ಕೂ ಐದು ವರ್ಷ ಉಳಿಯುವುದಕ್ಕೂ ಅಂತರವಿದೆ. ಮೇಲಿನವರ ಬೆಂಬಲವಿದ್ದ ಟೀಮಿನಲ್ಲಿ ಸಾಧ್ಯವಾದದ್ದು ಒಲ್ಲದ ಪಾರ್ಟ್ನರ್ ಕೈಕೆಳಗೆ ಸಾಧ್ಯವಾಗುವ ಖಾತರಿಯೂ ಇಲ್ಲ.

ಇನ್ನೂ ದೊಡ್ಡ ಮಿತಿಯನ್ನು ಸಂಶೋಧಕಿ ಎರಿನ್ ರೀಡ್ ಅವರ 2015ರ ಅಧ್ಯಯನ ತೋರಿಸುತ್ತದೆ. ಹೆಸರು ಬಹಿರಂಗಪಡಿಸದ ಒಂದು ಕನ್ಸಲ್ಟಿಂಗ್ ಕಂಪನಿಯಲ್ಲಿ ಶೇ. 31ರಷ್ಟು ಗಂಡಸರು ಸದ್ದಿಲ್ಲದೆ ಕೆಲಸ ಹಗುರ ಮಾಡಿಕೊಂಡು, ಹಗಲಿರುಳು ದುಡಿಯುವವರಂತೆ ಕಾಣಿಸಿಕೊಳ್ಳುತ್ತಿದ್ದರು. ಕಂಪನಿಯ ಮೌಲ್ಯಮಾಪನದಲ್ಲಿ ಅವರಿಗೂ ಒಳ್ಳೆಯ ಅಂಕವೇ ಸಿಕ್ಕಿತು. ಬಾಯಿಬಿಟ್ಟು ಬಿಡುವು ಕೇಳಿದವರು ಮಾತ್ರ ಹಿಂದೆ ಬಿದ್ದರು. ಅಂದರೆ ಕ್ಲೈಂಟ್‌ಗೆ ನಷ್ಟವಾಗದೆಯೂ ಗಂಟೆ ಕಡಿಮೆ ಮಾಡಲು ಸಾಧ್ಯವಿತ್ತು. ಅದನ್ನು ಒಪ್ಪಿಕೊಳ್ಳುವ ಮನಸ್ಸು ಕಂಪನಿಗೆ ಇರಲಿಲ್ಲ. ಬಡ್ತಿ ಇಲ್ಲವೇ ಬಾಗಿಲು ಎಂಬ ಈ ಉದ್ಯಮದ ನಿಯಮವನ್ನು ಬಿಸಿಜಿಯ ಪ್ರಯೋಗವೂ ಮುಟ್ಟಲಿಲ್ಲ.

2023ರಲ್ಲಿ ಇನ್ಫೋಸಿಸ್‌ನ ಎನ್. ಆರ್. ನಾರಾಯಣ ಮೂರ್ತಿ ಅವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ಬೆಂಗಳೂರಿನ ಚರ್ಚೆ ಗಂಟೆಯ ಲೆಕ್ಕದಲ್ಲೇ ಸುತ್ತಿತು. ಆ ಗಂಟೆಗಳ ಮೇಲೆ ಉದ್ಯೋಗಿಗೆ ಎಷ್ಟು ಹಿಡಿತವಿದೆ ಎಂದು ಪರ್ಲೋ ಕೇಳಿದ ಪ್ರಶ್ನೆ ಅಲ್ಲಿಯೂ ಬೇಕಿತ್ತು. ಬಿಸಿಜಿಯ ಪದ್ಧತಿಯನ್ನು ತರಬಯಸುವ ಕಂಪನಿ ಸಂಜೆಯ ಬಿಡುವನ್ನಷ್ಟೇ ಎತ್ತಿಕೊಂಡು ವಾರದ ಸಭೆಯನ್ನು ಕೈಬಿಟ್ಟರೆ ಕೆಲಸ ಶನಿವಾರಕ್ಕೆ ಸರಿಯುತ್ತದೆ, ಅಷ್ಟೇ. ಪಾರ್ಟ್ನರ್‌ಗಳ ಮೌಲ್ಯಮಾಪನದಲ್ಲಿ ತಂದ ಆದಾಯದ ಜೊತೆಗೆ, ಅವರ ಟೀಮಿನಿಂದ ಎಷ್ಟು ಮಂದಿ ಬಿಟ್ಟುಹೋದರು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.