ಸಂಕಮ್ಮ ಭಾಷೆ ಯಾಕೆ ಕೊಡಲಿಲ್ಲ?

ನಮ್ಮ ಉಡಿಗಾಲದ ಕಡೆ ಜಗಳ ಸ್ವಲ್ಪ ಬಿಸಿಯಾದರೆ ಸಾಕು, 'ಎಲ್ಲಿ, ಮಾದಪ್ಪನಾಣೆ ಮಾಡು' ಅಂತಾರೆ. ಆಣೆ ಮಾಡಿದರೆ ನಿಜ, ಹಿಂದೆ ಸರಿದರೆ ಸುಳ್ಳು. ಲೆಕ್ಕ ಅಷ್ಟು ಸುಲಭ. ಆದರೆ ಅದೇ ಮಾದಪ್ಪನ ಕಾವ್ಯದಲ್ಲಿ ಬರುವ 'ಸಂಕಮ್ಮನ ಸಾಲು' ಈ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ.

ಕಂಸಾಳೆಯವರು ಹಾಡುವ ಈ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ನೀಲೇಗೌಡ ಕಾಡಿಗೆ ಹೊರಟಿದ್ದಾನೆ. ತಾನಿಲ್ಲದಾಗ ಹೆಂಡತಿ ನೆಟ್ಟಗಿರುತ್ತಾಳೋ ಇಲ್ಲವೋ ಅನ್ನೋ ಅನುಮಾನ. ಭಾಷೆ ಕೊಡು ಅಂತಾನೆ. ಸಂಕಮ್ಮ ಕೊಡೋದಿಲ್ಲ. ಹಿಂಸೆ ಮಾಡುತ್ತಾನೆ, ಕಟ್ಟಿಹಾಕಿ ಹೋಗುತ್ತಾನೆ. ಮಾದಪ್ಪ ಬಂದು ಬಿಡಿಸಿ, ಮಕ್ಕಳ ಫಲ ಕೊಡುತ್ತಾನೆ.

ಇದನ್ನು ಪತಿವ್ರತೆಯ ಕಥೆ ಅಂತ ಓದಬಹುದು. ನನಗೆ ಹಾಗನ್ನಿಸೋದಿಲ್ಲ. ಇದು ಎದುರಿಗಿರುವವರ ಮನಸ್ಸು ಓದಲಾರದವನ ಕಥೆ. ಮೋಸ ಮಾಡುವವಳಾಗಿದ್ದರೆ ಸಂಕಮ್ಮ ತಟ್ಟನೆ ಕೈ ಮೇಲೆ ಕೈ ಇಟ್ಟು ಭಾಷೆ ಕೊಟ್ಟುಬಿಡುತ್ತಿದ್ದಳು. ಏಟು ತಿನ್ನುವ ಗ್ರಾಚಾರ ಅವಳಿಗೇಕೆ? ಮಾತಿಗೆ ಬೆಲೆ ಕೊಡುವವಳಿಗೇ ಆ ಕೇಳಿಕೆ ಅವಮಾನ. ಅವಳ ನೋವನ್ನು ನೀಲೇಗೌಡ ಅಪರಾಧ ಅಂತ ಓದಿಕೊಂಡ.

ಸುಳ್ಳು ಪತ್ತೆ ಯಂತ್ರವೂ ಇದೇ ತಪ್ಪು ಮಾಡಬಲ್ಲದು. ಅದು ಅಳೆಯೋದು ಸುಳ್ಳನ್ನಲ್ಲ. ಉಸಿರು, ರಕ್ತದೊತ್ತಡ, ಬೆವರನ್ನು. ಹೆದರಿದ ನಿರಪರಾಧಿಯೂ ಬೆವರುತ್ತಾನಲ್ಲ! 2010ರ ಮೇ 5ರಂದು, ನಮ್ಮ ರಾಜ್ಯದ ಹೆಸರೇ ಇರುವ 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ, ಒಪ್ಪಿಗೆ ಇಲ್ಲದೆ ಯಾರಿಗೂ ಮಂಪರು ಪರೀಕ್ಷೆ, ಪಾಲಿಗ್ರಾಫ್, ಬ್ರೈನ್ ಮ್ಯಾಪಿಂಗ್ ಮಾಡಕೂಡದು ಎಂದು ಸುಪ್ರೀಂ ಕೋರ್ಟ್ ಹೇಳಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತ ಮಾಡಬಾರದು ಎನ್ನುವ ಸಂವಿಧಾನದ 20(3)ನೇ ವಿಧಿ ಅದಕ್ಕೆ ಒಂದು ಆಧಾರ. ಸಂಕಮ್ಮ ಹಿಡಿದ ಹಟವೂ ಹೆಚ್ಚುಕಮ್ಮಿ ಇದೇ.

ಆದರೂ ಈ ಕಾವ್ಯದ ಮೇಲೆ ನನ್ನದೊಂದು ತಕರಾರಿದೆ. ಸಂಕಮ್ಮ ನಿಯತ್ತಿನವಳು ಅಂತ ಕೇಳುಗರಾದ ನಮಗೆ ಹಾಡುವವರೇ ತಿಳಿಸಿಬಿಡುತ್ತಾರೆ. ಹಾಗಾಗಿ ನೀಲೇಗೌಡನನ್ನು ಬೈಯೋದು ಸಲೀಸು. ನಮ್ಮ ನಮ್ಮ ಮನೆಗಳಲ್ಲಿ ಹಾಗೆ ಹಾಡಿ ಹೇಳುವವರು ಯಾರಿದ್ದಾರೆ? ಅಲ್ಲಿ ನಾವೂ ಅವನಷ್ಟೇ ಕುರುಡರು. ಕೊನೆಗೆ ಮಾದಪ್ಪ ಬಂದು ಅವಳ ಪರ ನಿಂತ, ಸರಿ. ಬಾರದೇ ಹೋಗಿದ್ದರೆ? ಅವಳ ನಿಜ ಆಗಲೂ ನಿಜವೇ. ನೋಡುವವರಿಗೆ ಮಾತ್ರ ಕಾಣುತ್ತಿರಲಿಲ್ಲ.

ಸುಳ್ಳು ಹಿಡಿಯೋದು ಹೇಗೆ ಅಂತ ಈ ಸಾಲು ಕಲಿಸೋದಿಲ್ಲ. ಹಿಡಿಯಲಾಗದಿದ್ದಾಗ ಕೈ ಎತ್ತಬೇಡ ಅನ್ನುತ್ತದೆ. ನಮಗೆ ಬೇಕಾಗಿರೋದೂ ಅದೇ.